ವೈದ್ಯರ ದಣಿವಿಗೆ ಮದ್ದು ಡ್ಯೂಟಿ ಪಟ್ಟಿಯಲ್ಲೇ ಇದೆ

ಮಾನ್ಯ ಸಂಪಾದಕರೇ,

ವೈದ್ಯರ ಮೇಲಿನ ಒತ್ತಡದ ಮಾತು ಬಂದಾಗಲೆಲ್ಲ ಚರ್ಚೆ ಸಂಬಳದ ಕಡೆಗೋ, ಯೋಗ, ಧ್ಯಾನ, ಕೌನ್ಸೆಲಿಂಗ್ ಕಡೆಗೋ ಹೊರಳಿಬಿಡುತ್ತದೆ. ಅವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ವೈದ್ಯರ ಬದುಕನ್ನೂ ಅವರನ್ನು ನಂಬಿ ಬಂದ ರೋಗಿಯ ಸುರಕ್ಷತೆಯನ್ನೂ ನಿಜವಾಗಿ ನಿರ್ಧರಿಸುವುದು ವಾರ್ಡಿನ ನೋಟಿಸ್ ಬೋರ್ಡಿಗೆ ಅಂಟಿಸಿದ ಒಂದು ಹಾಳೆ: ಡ್ಯೂಟಿ ಪಟ್ಟಿ. ಯಾರು ಎಷ್ಟು ಹೊತ್ತು ನಿಂತಿರಬೇಕು, ಯಾವಾಗ ಮಲಗಬೇಕು, ಮಕ್ಕಳ ಮುಖ ಯಾವಾಗ ನೋಡಬಹುದು ಎಲ್ಲವೂ ಅಲ್ಲೇ ತೀರ್ಮಾನವಾಗಿರುತ್ತದೆ. ಆ ಹಾಳೆ ಎಲ್ಲಿ ತಪ್ಪುತ್ತದೆ, ಏಕೆ ತಪ್ಪುತ್ತದೆ, ಸರಿ ಮಾಡುವುದು ಹೇಗೆ ಎಂಬುದನ್ನು ಆಸ್ಪತ್ರೆ ನಡೆಸುವವರ ಮತ್ತು ಆಸ್ಪತ್ರೆಗೆ ಬರುವವರ ಗಮನಕ್ಕೆ ತರಲು ಈ ಪತ್ರ.

ಮೊದಲು ತಲೆ ಲೆಕ್ಕ. ವಾರಕ್ಕೆ 168 ಗಂಟೆ. ಒಂದು ಐಸಿಯುನಲ್ಲಿ ಹಗಲೂ ರಾತ್ರಿ ಒಬ್ಬ ವೈದ್ಯರು ಇರಲೇಬೇಕು ಎಂದುಕೊಳ್ಳಿ. ಒಬ್ಬೊಬ್ಬರು ವಾರಕ್ಕೆ 48 ಗಂಟೆ ದುಡಿದರೆ ಮೂರೂವರೆ ಜನ ಸಾಕು ಎಂದು ಆಡಳಿತ ಕಚೇರಿ ಲೆಕ್ಕ ಹಾಕಿ, ನಾಲ್ಕನೆಯವರನ್ನು ನೇಮಿಸದೆ ಮೂವರಲ್ಲೇ ಸುಧಾರಿಸುತ್ತದೆ. ತಪ್ಪು ಶುರುವಾಗುವುದು ಇಲ್ಲೇ. ವರ್ಷದ 52 ವಾರಗಳಲ್ಲಿ ರಜೆ, ತರಬೇತಿ, ಪರೀಕ್ಷೆ, ಕಾಯಿಲೆ ಎಂದು 9 ವಾರ ಕಳೆದರೆ ಒಬ್ಬರು ಸಿಗುವುದು 43 ವಾರ, ಅಂದರೆ 2,064 ಗಂಟೆ. ತುಂಬಬೇಕಾದದ್ದು 8,760 ಗಂಟೆ. ಪಾಳಿ ಬದಲಾಗುವಾಗ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಇಬ್ಬರೂ ಒಟ್ಟಿಗೆ ಇರಲೇಬೇಕಾದ್ದರಿಂದ ಇನ್ನೂ 365 ಗಂಟೆ ಸೇರಿ 9,125. ಭಾಗಿಸಿದರೆ ಸುಮಾರು ನಾಲ್ಕೂವರೆ ಜನ. ಮನುಷ್ಯರನ್ನು ಅರ್ಧ ಮಾಡಲಾಗದ್ದರಿಂದ ಐದು. ಒಂದು ಕುರ್ಚಿ ಸದಾ ತುಂಬಿರಬೇಕಾದರೆ ಐದು ವೈದ್ಯರು ಬೇಕು ಎಂಬುದು ಹೀಗೆ ಬಂದ ಸಂಖ್ಯೆ, ಐಷಾರಾಮದ ಬೇಡಿಕೆಯಲ್ಲ.

ಅದೇ ಕುರ್ಚಿಯನ್ನು ಮೂವರಿಂದ ತುಂಬಿಸಿದರೆ ಏನಾಗುತ್ತದೆ ನೋಡಿ. ಒಬ್ಬೊಬ್ಬರಿಗೆ ಕೆಲಸದ ವಾರಗಳಲ್ಲಿ ಸರಾಸರಿ 70 ಗಂಟೆ ದಾಟುತ್ತದೆ. ಒಬ್ಬರು ರಜೆ ಹಾಕಿದ ವಾರ ಉಳಿದ ಇಬ್ಬರ ಪಾಲಿಗೆ ತಲಾ 87 ಗಂಟೆ. ಹಾಗಾಗಿ ಸಹೋದ್ಯೋಗಿಗಳ ಮುಖ ನೋಡಿಯೇ ಯಾರೂ ರಜೆ ಕೇಳುವುದಿಲ್ಲ. ಜ್ವರ ಬಂದರೂ ಮಾತ್ರೆ ನುಂಗಿ ಬರುತ್ತಾರೆ. ಇದನ್ನು ಕರ್ತವ್ಯನಿಷ್ಠೆ ಎಂದು ಹೊಗಳುವ ರೂಢಿ ನಮ್ಮ ವೃತ್ತಿಯಲ್ಲೇ ಇದೆ. ಜ್ವರವಿರುವ ವೈದ್ಯರು ಕಿಮೋಥೆರಪಿ ವಾರ್ಡಿಗೆ ರೌಂಡ್ಸ್ ಹೋಗುವುದು ಎಂಥ ಅಪಾಯ ಎಂದು ಹೊಗಳುವವರು ಯೋಚಿಸಬೇಕು.

ಎರಡನೆಯ ವಿಷಯ, ಕಾಗದದ ಮೇಲಿನ ಗಂಟೆಗೂ ನಿಜವಾದ ಗಂಟೆಗೂ ಇರುವ ಅಂತರ. ಪಟ್ಟಿಯಲ್ಲಿ '24 ಗಂಟೆ ಡ್ಯೂಟಿ, ಬೆಳಿಗ್ಗೆ 8ರಿಂದ ಬೆಳಿಗ್ಗೆ 8' ಎಂದಿರುತ್ತದೆ. ಮರುದಿನ 8ಕ್ಕೆ ರೌಂಡ್ಸ್ ಶುರು. ರಾತ್ರಿ ಅಡ್ಮಿಟ್ ಆದವರ ವಿವರ ಗೊತ್ತಿರುವುದು ರಾತ್ರಿ ಇದ್ದವರಿಗೇ, ಆದ್ದರಿಂದ ಅವರು ಹೋಗುವಂತಿಲ್ಲ. ರೌಂಡ್ಸ್ ಹತ್ತೂವರೆಗೆ ಮುಗಿಯುತ್ತದೆ. ಅಲ್ಲಿ ಹೇಳಿದ ರಕ್ತ ಪರೀಕ್ಷೆ ಕಳಿಸಬೇಕು, ಸ್ಕ್ಯಾನ್ ಫಾರ್ಮ್ ತುಂಬಬೇಕು, ಬೇರೆ ವಿಭಾಗದ ಅಭಿಪ್ರಾಯ ತರಬೇಕು, ಸಂಬಂಧಿಕರ ಜೊತೆ ಮಾತಾಡಬೇಕು, ಮನೆಗೆ ಹೋಗುವ ರೋಗಿಗೆ ಕೊಡುವ ಚಿಕಿತ್ಸೆಯ ಸಾರಾಂಶ, ಅಂದರೆ ಡಿಸ್ಚಾರ್ಜ್ ಸಮರಿ, ನಾಲ್ಕು ಬರೆಯಬೇಕು. ಮಧ್ಯಾಹ್ನ ಎರಡಾಗುತ್ತದೆ, ಕೆಲವೊಮ್ಮೆ ನಾಲ್ಕು. 24 ಎಂದು ಬರೆದದ್ದು 30, 32 ಗಂಟೆಯಾಗುವುದು ಹೀಗೆ. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ಬೆಳಗಿನ ಕೆಲಸದ ಕ್ರಮವೇ ಹಾಗಿದೆ.

ಈ ಎಂಟು ಗಂಟೆ ಸೋರಿಕೆಯನ್ನು ಹಣ ಖರ್ಚಿಲ್ಲದೆ ತಡೆಯಬಹುದು. ರಾತ್ರಿಯ ವೈದ್ಯರ ರೋಗಿಗಳನ್ನು ರೌಂಡ್ಸ್‌ನಲ್ಲಿ ಮೊದಲು ನೋಡಿ, ಒಂಬತ್ತಕ್ಕೆ ಅವರನ್ನು ಬಿಟ್ಟುಬಿಡಬೇಕು. ಪಾಳಿಯ ಕೊನೆಯ ಒಂದು ಗಂಟೆಯಲ್ಲಿ ಬಂದ ಹೊಸ ಅಡ್ಮಿಷನ್‌ಗೆ ತುರ್ತು ಚಿಕಿತ್ಸೆ ಮಾತ್ರ ಅವರದು, ಪೂರ್ತಿ ಕೇಸ್ ಶೀಟ್ ಬರೆಯುವುದು ಮುಂದಿನ ಪಾಳಿಯವರದು. ಡಿಸ್ಚಾರ್ಜ್ ಸಮರಿ ಎಂದೂ ರಾತ್ರಿ ಡ್ಯೂಟಿ ಮುಗಿಸಿದವರ ಕೈಗೆ ಬರಬಾರದು. ದಣಿದ ಕೈ ಬರೆದ ಸಮರಿಯಲ್ಲಿ ನಿಲ್ಲಿಸಿದ ಮಾತ್ರೆ ಮತ್ತೆ ಪಟ್ಟಿಗೆ ಸೇರುತ್ತದೆ, ಮನೆಗೆ ಹೋದ ರೋಗಿ ಅದನ್ನೇ ತಿಂಗಳುಗಟ್ಟಲೆ ನುಂಗುತ್ತಾರೆ.

ನಿದ್ದೆಗೆಟ್ಟ ಮೆದುಳು ಏನು ಮಾಡುತ್ತದೆ ಎಂಬುದು ಅನುಮಾನದ ವಿಷಯವಾಗಿ ಉಳಿದಿಲ್ಲ. 1997ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಪ್ರಕಟಿಸಿದ ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಅದು ಶೇ 0.10ರ ಮಟ್ಟ. ಎಷ್ಟೋ ದೇಶಗಳಲ್ಲಿ 0.05 ದಾಟಿದರೆ ವಾಹನ ಓಡಿಸುವಂತಿಲ್ಲ. 2004ರಲ್ಲಿ ಬಾಸ್ಟನ್ನಿನ ಐಸಿಯುಗಳಲ್ಲಿ ಲ್ಯಾಂಡ್ರಿಗನ್ ತಂಡ ನಡೆಸಿದ ಅಧ್ಯಯನದಲ್ಲಿ, ಹಳೆಯ ಪದ್ಧತಿಯ ದೀರ್ಘ ಪಾಳಿಯ ಇಂಟರ್ನ್‌ಗಳಿಂದ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚು ಆದವು. ಮರುವರ್ಷ ಬಂದ ಇನ್ನೊಂದು ವರದಿಯಂತೆ, ದೀರ್ಘ ಪಾಳಿ ಮುಗಿಸಿ ಮನೆಗೆ ಹೊರಟ ಇಂಟರ್ನ್‌ಗಳು ವಾಹನ ಅಪಘಾತಕ್ಕೆ ಸಿಲುಕುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು.

ದಣಿವಿಗಿಂತಲೂ ಕಡಿಮೆ ಚರ್ಚೆಯಾಗುವ ಅಪಾಯ ಒಂದಿದೆ: ಗಾಢ ನಿದ್ದೆಯಿಂದ ಎದ್ದ ಮೊದಲ ಹದಿನೈದು, ಮೂವತ್ತು ನಿಮಿಷ. ಬಾಯಿ ಮಾತಾಡುತ್ತಿರುತ್ತದೆ, ವಿವೇಚನೆ ಇನ್ನೂ ಎದ್ದಿರುವುದಿಲ್ಲ. ನಿದ್ದೆ ಬಾಕಿ ಹೆಚ್ಚಿದ್ದಷ್ಟೂ ಈ ಮಂಪರು ಉದ್ದ. ಬೆಳಗಿನ ಜಾವ ನಾಲ್ಕಕ್ಕೆ ಸಿಸ್ಟರ್ ಫೋನ್ ಮಾಡಿ "ಡಾಕ್ಟ್ರೇ, ಬೆಡ್ ಹನ್ನೊಂದು, ಪೊಟ್ಯಾಸಿಯಂ 2.8 ಬಂದಿದೆ" ಎನ್ನುತ್ತಾರೆ, ಅಂದರೆ ರಕ್ತದಲ್ಲಿ ಅದು ತೀರಾ ಕಡಿಮೆ. "ಎರಡು ಆಂಪ್ಯೂಲ್ ಹಾಕಿ" ಎಂಬ ಉತ್ತರ ಬರುತ್ತದೆ. ಯಾವ ದ್ರವದಲ್ಲಿ, ಎಷ್ಟು ಹೊತ್ತಿನಲ್ಲಿ, ರೋಗಿಗೆ ಮೂತ್ರ ಹೋಗುತ್ತಿದೆಯೇ, ಕಿಡ್ನಿಯ ಸ್ಥಿತಿ ತೋರಿಸುವ ಸಂಜೆಯ ಕ್ರಿಯಾಟಿನಿನ್ ಎಷ್ಟಿತ್ತು ಯಾವುದನ್ನೂ ಕೇಳಿಲ್ಲ. ಶೇ 15ರ 10 ಮಿಲಿಲೀಟರ್ ಆಂಪ್ಯೂಲ್ ಒಂದರಲ್ಲಿ 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಕೈಯ ರಕ್ತನಾಳದ ಮೂಲಕ ಗಂಟೆಗೆ 10ಕ್ಕಿಂತ ಹೆಚ್ಚು ಕೊಡಬಾರದೆಂಬುದು ರೂಢಿಯ ಮಿತಿ. ದ್ರವದಲ್ಲಿ ಬೆರೆಸದೆ ನೇರವಾಗಿ ಚುಚ್ಚಿದರೆ ಹೃದಯ ನಿಂತೇ ಹೋಗುತ್ತದೆ. ಕಿಡ್ನಿ ಕೆಲಸ ಮಾಡದ ರೋಗಿಗಾದರೆ ನಿಧಾನವಾಗಿ ಕೊಟ್ಟರೂ ಮಾರಕವಾಗಬಹುದು.

ಇಂಥ ಕಡೆ ಬೇಕಾದದ್ದು ಉಪದೇಶವಲ್ಲ, ಕಟ್ಟಳೆ. ಪೊಟ್ಯಾಸಿಯಂ, ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಮಾರ್ಫಿನ್ ಜಾತಿಯ ನೋವಿನ ಔಷಧಿ ಇವಕ್ಕೆ ರಾತ್ರಿ ಫೋನಿನಲ್ಲಿ ಆದೇಶ ಇಲ್ಲ. ವೈದ್ಯರು ಎದ್ದು ಬಂದು ಕೇಸ್ ಶೀಟ್ ನೋಡಿ ಬರೆಯಬೇಕು. ಬೇರೆ ಔಷಧಿಗಾದರೂ ಸಿಸ್ಟರ್ ಅಂಕಿಯನ್ನು ಒಂದೊಂದಾಗಿ ಬಿಡಿಸಿ ತಿರುಗಿ ಹೇಳಬೇಕು, 'ಎರಡು, ಸೊನ್ನೆ' ಎಂದು. ಮಂಪರಿನ ಕಿವಿಗೆ ಇಪ್ಪತ್ತು ಎಪ್ಪತ್ತಾಗಿ ಕೇಳಿಸುವುದು ಸುಲಭ. ದಶಮಾಂಶವನ್ನು '.5' ಎನ್ನದೆ '0.5' ಎಂದೇ ಬರೆಯಬೇಕು, ಪೂರ್ಣಾಂಕವನ್ನು '5.0' ಎನ್ನದೆ '5' ಎಂದಷ್ಟೇ ಬರೆಯಬೇಕು. ಬಿಂದು ಮಾಸಿದರೆ ಮಗುವಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಇನ್ಸುಲಿನ್ ಬರೆಯುವಾಗ 'ಯೂನಿಟ್' ಎಂದು ಪೂರ್ತಿ ಬರೆಯಬೇಕು, ಒಂದಕ್ಷರದ 'ಯು' ಸೊನ್ನೆಯಂತೆ ಕಂಡು 4 ಯೂನಿಟ್ 40 ಆದ ತಪ್ಪು ಜಗತ್ತಿನ ಎಲ್ಲ ಆಸ್ಪತ್ರೆಗಳಿಗೂ ಪರಿಚಿತ.

ಇಷ್ಟೆಲ್ಲ ಗೊತ್ತಿದ್ದೂ ಏಕೆ ಬದಲಾಗುವುದಿಲ್ಲ? "ನಾವೂ ಹೀಗೇ ಕಲಿತದ್ದು" ಎಂಬ ಹಿರಿಯರ ಮಾತು ದೊಡ್ಡ ಅಡ್ಡಿ. ಕಲಿಯುವ ವೈದ್ಯರು ಹಗಲಿರುಳು ಆಸ್ಪತ್ರೆಯಲ್ಲೇ ಇರಬೇಕೆಂಬ ಪದ್ಧತಿಯನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ರೂಪಿಸಿದವರು ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್. ಅವರೇ ಕೊಕೇನ್‌ಗೂ ಆಮೇಲೆ ಮಾರ್ಫಿನ್‌ಗೂ ದಾಸರಾಗಿ ನರಳಿದವರು ಎಂಬುದು ದಾಖಲಾದ ಸಂಗತಿ. ಆ ಕಾಲದಲ್ಲಿ ರೋಗಿಗಳು ವಾರಗಟ್ಟಲೆ ಹಾಸಿಗೆಯಲ್ಲಿ ಉಳಿಯುತ್ತಿದ್ದರು, ರಾತ್ರಿ ಮಾಡಬಹುದಾದ ಚಿಕಿತ್ಸೆಯೇ ಕಡಿಮೆ ಇತ್ತು. ಈಗ ಎರಡು ಮೂರು ದಿನಕ್ಕೆ ಹಾಸಿಗೆ ಖಾಲಿಯಾಗಿ ಮತ್ತೆ ತುಂಬುತ್ತದೆ. ಒಬ್ಬ ರೋಗಿಗೆ ಹತ್ತು ಹನ್ನೆರಡು ಔಷಧಿ, ನಾಲ್ಕು ಗಂಟೆಗೊಂದು ರಿಪೋರ್ಟ್. ಅದೇ 24 ಗಂಟೆಯೊಳಗಿನ ಕೆಲಸ ಹಿರಿಯರ ಕಾಲದ್ದಲ್ಲ.

ಹಿರಿಯರ ವಾದದಲ್ಲಿ ನ್ಯಾಯವಾದ ಒಂದು ಭಾಗವೂ ಇದೆ. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ಹೋಗುವುದು ಹೆಚ್ಚುತ್ತದೆ, ಪ್ರತಿ ಸಲವೂ ಮಾಹಿತಿ ಸೋರುತ್ತದೆ. ಅಮೆರಿಕದಲ್ಲಿ ದೀರ್ಘ ಪಾಳಿಗೆ ಅವಕಾಶ ಕೊಟ್ಟ ತರಬೇತಿ ಕೇಂದ್ರಗಳನ್ನೂ ಕೊಡದವನ್ನೂ ಹೋಲಿಸಿದ ಎರಡು ದೊಡ್ಡ ಅಧ್ಯಯನಗಳು 2016 ಮತ್ತು 2019ರಲ್ಲಿ ಬಂದವು. ರೋಗಿಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿ ಎರಡೂ ಗುಂಪಿಗೆ ವಾರಕ್ಕೆ 80 ಗಂಟೆಯ ಮಿತಿ ಇದ್ದೇ ಇತ್ತು ಎಂಬುದನ್ನು ಮರೆತು, ಮಿತಿಯೇ ಇಲ್ಲದ ಕಡೆಗೆ ಆ ಫಲಿತಾಂಶವನ್ನು ಎಳೆದು ತರುವುದು ಸರಿಯಲ್ಲ.

ಇನ್ನೂ ಮುಖ್ಯವಾದ ಪಾಠ 2020ರದು. ಅದೇ ಲ್ಯಾಂಡ್ರಿಗನ್ ತಂಡ ಆರು ಮಕ್ಕಳ ಐಸಿಯುಗಳಲ್ಲಿ ದೀರ್ಘ ಪಾಳಿಯನ್ನು ತೆಗೆದುಹಾಕಿ ನೋಡಿತು. ನಿರೀಕ್ಷೆಗೆ ವಿರುದ್ಧವಾಗಿ ಗಂಭೀರ ತಪ್ಪುಗಳು ಹೆಚ್ಚಾದವು. ಹುಡುಕಿದಾಗ ಕಂಡದ್ದು, ಪಾಳಿ ಚಿಕ್ಕದಾದರೂ ಜನ ಹೆಚ್ಚಾಗಿರಲಿಲ್ಲ. ಒಬ್ಬ ವೈದ್ಯರ ಪಾಲಿನ ಮಕ್ಕಳ ಸಂಖ್ಯೆ ಸರಾಸರಿ 6.7ರಿಂದ 8.8ಕ್ಕೆ ಏರಿತ್ತು. ಈ ಹೊರೆಯನ್ನು ಲೆಕ್ಕಕ್ಕೆ ಹಿಡಿದಾಗ ವ್ಯತ್ಯಾಸ ಇಲ್ಲವಾಯಿತು. ಗಂಟೆ ಇಳಿಸಿ ಹೊರೆ ಏರಿಸಿದರೆ ಫಲವಿಲ್ಲ. ಸುಧಾರಣೆ ಎಂದು ಹೇಳಿಕೊಳ್ಳುವ ಅನೇಕ ಆದೇಶಗಳು ಸೋಲುವುದು ಇದೇ ಕಾರಣಕ್ಕೆ: ಗಂಟೆಯ ಮಿತಿ ಬರೆಯುತ್ತಾರೆ, ಹುದ್ದೆ ಮಂಜೂರು ಮಾಡುವುದಿಲ್ಲ.

ಕಾನೂನು ಮನಸ್ಸು ಮಾಡಿದ ಕಡೆ ಬದಲಾವಣೆ ಆಗಿದೆ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ 18 ವರ್ಷದ ಲಿಬಿ ಝಯಾನ್ ಎಂಬ ಯುವತಿ ಆಸ್ಪತ್ರೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಾಗ, ತರಬೇತಿ ವೈದ್ಯರ ಡ್ಯೂಟಿ ಅವಧಿ ಮತ್ತು ಹಿರಿಯರ ಮೇಲ್ವಿಚಾರಣೆಯ ಪ್ರಶ್ನೆ ಎದ್ದು, 1989ರಲ್ಲಿ ಆ ರಾಜ್ಯದಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ಅದು ಇಡೀ ಅಮೆರಿಕಕ್ಕೆ ಬರಲು 2003ರವರೆಗೆ ಕಾಯಬೇಕಾಯಿತು. ಯುರೋಪ್ ಒಕ್ಕೂಟ ತರಬೇತಿ ವೈದ್ಯರನ್ನೂ ಹಂತ ಹಂತವಾಗಿ 2009ರ ಹೊತ್ತಿಗೆ ವಾರಕ್ಕೆ ಸರಾಸರಿ 48 ಗಂಟೆಗೆ ತಂದಿತು. ಅಲ್ಲಿನ ನ್ಯಾಯಾಲಯ 2000 ಮತ್ತು 2003ರ ಎರಡು ತೀರ್ಪುಗಳಲ್ಲಿ, ಆಸ್ಪತ್ರೆಯೊಳಗೇ ಆನ್-ಕಾಲ್ ಇರುವ ವೈದ್ಯರು ನಡುವೆ ಮಲಗಿದ್ದರೂ ಅದು ಕೆಲಸದ ಸಮಯವೇ ಎಂದು ಸ್ಪಷ್ಟಪಡಿಸಿತು. 'ಕರೆದಾಗ ಬಂದರಾಯಿತು, ಉಳಿದಂತೆ ವಿಶ್ರಾಂತಿ' ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಜಪಾನ್ 2024ರ ಏಪ್ರಿಲ್‌ನಿಂದ ವೈದ್ಯರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಯ ಮಿತಿ ಹಾಕಿದೆ. ವಿಶೇಷ ವರ್ಗದ ಆಸ್ಪತ್ರೆಗಳಿಗೆ 1,860 ಗಂಟೆಯವರೆಗೂ ಬಿಟ್ಟಿರುವುದು ಬಹಳ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಪಾಳಿ ಬದಲಾಗುವಾಗ ರೋಗಿಯ ವಿವರವನ್ನು ಮುಂದಿನವರಿಗೆ ಒಪ್ಪಿಸುವ ಹಸ್ತಾಂತರದ ವಿಷಯಕ್ಕೆ ಬರೋಣ, ಏಕೆಂದರೆ ಚಿಕ್ಕ ಪಾಳಿಯ ಗೆಲುವು ಸೋಲು ನಿಂತಿರುವುದು ಅದರ ಮೇಲೆ. 'ಬೆಡ್ ಏಳು, ನ್ಯುಮೋನಿಯಾ, ಸ್ಟೇಬಲ್, ಸ್ವಲ್ಪ ನೋಡ್ಕೊಳ್ಳಿ' ಎಂದು ಕಾರಿಡಾರಿನಲ್ಲಿ ನಡೆಯುತ್ತಾ ಹೇಳುವುದು ಹಸ್ತಾಂತರವಲ್ಲ. ಅದೇ ರೋಗಿಯ ಬಗ್ಗೆ ಸರಿಯಾಗಿ ಹೇಳಬೇಕಾದದ್ದು ಹೀಗೆ: 'ಬೆಡ್ ಏಳು, ನಿಗಾ ಬೇಕಾದವರು. ನ್ಯುಮೋನಿಯಾ, ಚಿಕಿತ್ಸೆಯ ಎರಡನೇ ದಿನ, 2 ಲೀಟರ್ ಆಮ್ಲಜನಕದಲ್ಲಿ ಸ್ಯಾಚುರೇಷನ್ 94. ಹತ್ತು ಗಂಟೆಗೆ ಲ್ಯಾಕ್ಟೇಟ್ ರಿಪೋರ್ಟ್ ಬರುತ್ತದೆ, ನೀವು ನೋಡಬೇಕು. ಸ್ಯಾಚುರೇಷನ್ 90ರ ಕೆಳಗೆ ಬಂದರೆ ಅಥವಾ ಉಸಿರು ನಿಮಿಷಕ್ಕೆ 30 ದಾಟಿದರೆ ಬೆಳಗಾಗುವವರೆಗೆ ಕಾಯಬೇಡಿ, ಕನ್ಸಲ್ಟೆಂಟ್‌ಗೆ ತಿಳಿಸಿ ಐಸಿಯು ಬೆಡ್ ಕೇಳಿ.' ಕೇಳಿಸಿಕೊಂಡವರು ಅದನ್ನು ತಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಬೇಕು. ರೋಗದ ತೀವ್ರತೆ, ಚುಟುಕು ವಿವರ, ಮಾಡಬೇಕಾದ ಕೆಲಸ, ಹೀಗಾದರೆ ಹೀಗೆ ಮಾಡಿ ಎಂಬ ಮುನ್ಸೂಚನೆ, ಕೇಳಿದವರ ಮರುನುಡಿ ಈ ಐದು ಇರುವ ಪದ್ಧತಿಗೆ 'ಐ-ಪಾಸ್' ಎಂದು ಹೆಸರು. ಒಂಬತ್ತು ಆಸ್ಪತ್ರೆಗಳಲ್ಲಿ ಇದನ್ನು ಕಲಿಸಿ ಜಾರಿ ಮಾಡಿದಾಗ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಹಾನಿ ಶೇ 30ರಷ್ಟು ಕಡಿಮೆಯಾದವು ಎಂದು 2014ರಲ್ಲಿ ವರದಿಯಾಯಿತು. ಹಸ್ತಾಂತರಕ್ಕೆ ಹೆಚ್ಚು ಹೊತ್ತೂ ಹಿಡಿಯಲಿಲ್ಲ.

ಇದಕ್ಕೆ ಬೇಕಾದದ್ದು ಕೂರಲು ಒಂದು ಕೋಣೆ, ಇಬ್ಬರಿಗೂ ಸಂಬಳದ ಲೆಕ್ಕದಲ್ಲೇ ಬರುವ ಅರ್ಧ ಗಂಟೆ, ಆ ಹೊತ್ತಿನಲ್ಲಿ ವಾರ್ಡಿನ ಫೋನ್ ಎತ್ತಲು ಇನ್ನೊಬ್ಬರು. ನಲವತ್ತು ರೋಗಿಗಳಿದ್ದರೆ ನಲವತ್ತನ್ನೂ ಒಂದೇ ಸಮನೆ ಓದುವುದು ಬೇಡ. ರಾತ್ರಿ ಕೆಡಬಹುದಾದ ಆರೇಳು ಜನಕ್ಕೆ ತಲಾ ಎರಡು ನಿಮಿಷ ಕೊಟ್ಟು, ಉಳಿದವರದ್ದನ್ನು ಹಾಳೆಯಲ್ಲಿ ಕೊಟ್ಟರೆ ಸಾಕು.

ಪಟ್ಟಿ ಬರೆಯುವವರು ಇನ್ನು ಕೆಲವು ಸಂಗತಿಗಳನ್ನು ಗಮನಿಸಬೇಕು. ಪಾಳಿ ತಿರುಗಿಸುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೇ ಹೋಗಬೇಕು. ದೇಹದ ಗಡಿಯಾರಕ್ಕೆ ತಡವಾಗಿ ಮಲಗುವುದು ಒಗ್ಗುತ್ತದೆ, ಬೇಗ ಮಲಗುವುದು ಒಗ್ಗುವುದಿಲ್ಲ. ಸಾಲು ರಾತ್ರಿಗಳು ನಾಲ್ಕು ಮೀರಬಾರದು. ಇಂಗ್ಲೆಂಡಿನಲ್ಲಿ 2016ರಲ್ಲಿ ಬಂದ ಕಿರಿಯ ವೈದ್ಯರ ಒಪ್ಪಂದದಲ್ಲಿ ಇದೇ ಮಿತಿ ಇದೆ. ಜೊತೆಗೆ ಒಂದು ಪಾಳಿ 13 ಗಂಟೆ ದಾಟುವಂತಿಲ್ಲ, ಯಾವುದೇ 168 ಗಂಟೆಯ ಅವಧಿಯಲ್ಲಿ 72 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸಾಲು ರಾತ್ರಿಗಳು ಮುಗಿದ ಮೇಲೆ 46 ಗಂಟೆ ಬಿಡುವು. ಯುರೋಪಿನ ನಿಯಮ ಎರಡು ಪಾಳಿಗಳ ನಡುವೆ 11 ಗಂಟೆ ಕೊಡಬೇಕೆನ್ನುತ್ತದೆ. 'ಇವತ್ತು ರಾತ್ರಿ ಮುಗಿಸಿ, ನಾಳೆ ರಜೆ' ಎಂದು ಬರೆದು, ನಿದ್ದೆ ಮಾಡುವ ಹಗಲನ್ನೇ ವಾರದ ರಜೆಯಾಗಿ ಎಣಿಸುವುದು ಬಹಳ ಕಡೆ ನಡೆಯುತ್ತದೆ. ಅದು ರಜೆಯಲ್ಲ, ರಾತ್ರಿಯ ನಿದ್ದೆಯನ್ನು ಹಗಲಿಗೆ ದೂಡಿದ್ದು ಮಾತ್ರ. ಪಟ್ಟಿ ಕನಿಷ್ಠ ಆರು ವಾರ ಮುಂಚೆ ಕೈಗೆ ಸಿಗಬೇಕು. ಶನಿವಾರ ಸಂಜೆ ಸೋಮವಾರದ ಡ್ಯೂಟಿ ಗೊತ್ತಾಗುವ ವ್ಯವಸ್ಥೆಯಲ್ಲಿ ಮದುವೆಗೆ ಹೋಗುವುದಿರಲಿ, ತಮ್ಮದೇ ಹಲ್ಲು ತೋರಿಸಲು ದಂತವೈದ್ಯರ ಸಮಯ ಕೇಳುವುದೂ ಆಗುವುದಿಲ್ಲ.

ರಾತ್ರಿ ಇರುವವರಿಗೂ ಒಂದೆರಡು ಮಾತು. ಮೊದಲ ರಾತ್ರಿ ಪಾಳಿಗೆ ಬರುವ ಮುಂಚೆ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಬನ್ನಿ. ನಡುವೆ ಸಿಕ್ಕರೆ ಇಪ್ಪತ್ತು ನಿಮಿಷದ ಕಿರುನಿದ್ದೆ ಒಳ್ಳೆಯದು, ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಗೆ ಜಾರಿ ಆಗಲೇ ಹೇಳಿದ ಮಂಪರು ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷ ನಿಮ್ಮ ಫೋನ್ ಇನ್ನೊಬ್ಬರ ಕೈಯಲ್ಲಿರಲಿ, ಇಲ್ಲದಿದ್ದರೆ ಅದು ನಿದ್ದೆಯಲ್ಲ. ಕಾಫಿ ರಾತ್ರಿಯ ಮೊದಲರ್ಧದಲ್ಲೇ ಮುಗಿಯಲಿ. ಕಷ್ಟದ ಲೆಕ್ಕವಿರುವ ಔಷಧಿಯನ್ನು ಮೂರರಿಂದ ಆರರ ನಡುವೆ ಒಬ್ಬರೇ ಲೆಕ್ಕ ಹಾಕಬೇಡಿ. ಬೆಳಿಗ್ಗೆ ಕಣ್ಣು ಎಳೆಯುತ್ತಿದ್ದರೆ ಗಾಡಿ ಹತ್ತದೆ ಮಲಗಿ ಹೋಗಿ. ಇದಕ್ಕಾಗಿಯೇ ಡ್ಯೂಟಿ ರೂಮ್ ಬೆಳಿಗ್ಗೆಯೂ ತೆರೆದಿರಬೇಕು. ಮಹಿಳೆಯರಿಗೆ ಬೇರೆ ಕೋಣೆ, ಒಳಗಿನಿಂದ ಹಾಕುವ ಚಿಲಕ, ದಪ್ಪ ಪರದೆ, ಪಕ್ಕದಲ್ಲೇ ಶೌಚಾಲಯ, ಒಗೆದ ಹಾಸು. ಕೋಟಿಗಟ್ಟಲೆ ಬೆಲೆಯ ಸ್ಕ್ಯಾನಿಂಗ್ ಯಂತ್ರವಿರುವ ಆಸ್ಪತ್ರೆಯಲ್ಲಿ ರಾತ್ರಿಯ ವೈದ್ಯರು ಖಾಲಿ ಸ್ಟ್ರೆಚರ್ ಮೇಲೆ ಒರಗುವುದನ್ನು ಯಾವ ಬಜೆಟ್ಟಿನ ನೆಪದಿಂದಲೂ ಸಮರ್ಥಿಸಲಾಗದು.

ರಜೆಯ ವಿಷಯದಲ್ಲಿ ಒಂದೇ ನಿಯಮ ಬದಲಾದರೂ ಎಷ್ಟೋ ಹಗುರಾಗುತ್ತದೆ. 'ರಜೆ ಬೇಕಾದರೆ ನಿಮ್ಮ ಬದಲಿಯನ್ನು ನೀವೇ ಹುಡುಕಿಕೊಳ್ಳಿ' ಎಂಬ ಅಲಿಖಿತ ಷರತ್ತು ಹೋಗಬೇಕು. ಬದಲಿ ಹುಡುಕುವುದು ಸಂಸ್ಥೆಯ ಕೆಲಸ. ಗರ್ಭಿಣಿ ವೈದ್ಯೆಗೆ ರಾತ್ರಿ ಪಾಳಿ ತಪ್ಪಿಸಿ ಆ ರಾತ್ರಿಗಳನ್ನು ಉಳಿದವರ ತಲೆಗೆ ಕಟ್ಟಿದಾಗ ಅಸಮಾಧಾನ ಆಕೆಯ ಮೇಲೆ ತಿರುಗುತ್ತದೆ, ಅದನ್ನು ಎದುರಿಸಲಾಗದೆ ಎಂಟನೇ ತಿಂಗಳವರೆಗೂ ರಾತ್ರಿ ನಿಲ್ಲುವವರಿದ್ದಾರೆ. ಹೆರಿಗೆ ರಜೆ ಯಾವಾಗ ಬರುತ್ತದೆಂದು ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಬದಲಿ ನೇಮಕ ಆಗದಿರುವುದಕ್ಕೆ ಕಾರಣ ಉದಾಸೀನವಲ್ಲದೆ ಬೇರೇನೂ ಇಲ್ಲ.

ಗಂಟೆಗಳು ಎಲ್ಲಿ ಸೋರುತ್ತವೆ ಎಂಬುದನ್ನೂ ನೋಡಬೇಕು. ಅಮೆರಿಕದ ನಾಲ್ಕು ರಾಜ್ಯಗಳ 57 ವೈದ್ಯರನ್ನು ಪಕ್ಕದಲ್ಲೇ ನಿಂತು ಗಮನಿಸಿದ 2016ರ ಅಧ್ಯಯನದಲ್ಲಿ, ಹಗಲಿನ ಶೇ 27ರಷ್ಟು ಸಮಯ ಮಾತ್ರ ರೋಗಿಗಳೊಂದಿಗೆ ನೇರವಾಗಿ ಕಳೆದದ್ದು. ಶೇ 49 ಕಂಪ್ಯೂಟರ್ ಮತ್ತು ಮೇಜಿನ ಕೆಲಸಕ್ಕೆ ಹೋಯಿತು. ಇನ್ನೊಂದು ತುದಿಯಲ್ಲಿ ಜನಸಂಖ್ಯೆಗೆ ತಕ್ಕ ವೈದ್ಯರಿಲ್ಲದ ದೇಶಗಳಿವೆ. 67 ದೇಶಗಳ ಮಾಹಿತಿ ಕಲೆಹಾಕಿದ 2017ರ ಅಧ್ಯಯನದಂತೆ, ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. 48 ಸೆಕೆಂಡಿನಲ್ಲಿ ರೋಗಿಯ ಎದೆಗೆ ಸ್ಟೆತಸ್ಕೋಪ್ ಇಡುವುದೂ ಕಷ್ಟ. ಔಷಧಿ ಬರೆದು ಕಳಿಸುವುದೊಂದೇ ದಾರಿಯಾದಾಗ ಬೇಡದ ಆಂಟಿಬಯಾಟಿಕ್ ಹೆಚ್ಚುತ್ತದೆ, ರೋಗಿ ನಾಲ್ಕು ದಿನಕ್ಕೆ ಮತ್ತೆ ಬರುತ್ತಾರೆ, ಸರದಿ ಇನ್ನೂ ಬೆಳೆಯುತ್ತದೆ.

ವಾರ್ಡಿನಲ್ಲಿ ಒಂದು ವಾರ ಪರೀಕ್ಷೆ ಮಾಡಿ ನೋಡಬಹುದು. ಹದಿನೈದು ನಿಮಿಷಕ್ಕೊಮ್ಮೆ ವೈದ್ಯರು ಏನು ಮಾಡುತ್ತಿದ್ದಾರೆಂದು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗಿ. ರಕ್ತದ ಚೀಲ ತರುವುದು, ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ಸ್ಟ್ರೆಚರ್ ಹುಡುಕುವುದು, ಒಂದೇ ವಿವರವನ್ನು ಮೂರು ರಿಜಿಸ್ಟರಿಗೆ ಬರೆಯುವುದು, ವಿಮೆಯ ಫಾರ್ಮ್ ತುಂಬುವುದು ಇವಕ್ಕೆ ಹಾಕಿದ ಗುರುತುಗಳನ್ನು ಎಣಿಸಿ. ರಾತ್ರಿಗೆ ರಕ್ತ ತೆಗೆಯುವ ಒಬ್ಬ ತಂತ್ರಜ್ಞ, ಓಡಾಡಲು ಒಬ್ಬ ಸಹಾಯಕ ಇದ್ದರೆ ಎಷ್ಟು ಗುರುತು ಅಳಿಯುತ್ತವೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ವೈದ್ಯರ ಮೇಲಿನ ಹಲ್ಲೆಯ ಬಗ್ಗೆ ಪತ್ರಿಕೆಗಳು ಬರೆಯುತ್ತಲೇ ಇವೆ, ಆದ್ದರಿಂದ ಚುಟುಕಾಗಿ. ಆರೋಗ್ಯ ಸಿಬ್ಬಂದಿಯಲ್ಲಿ ಶೇ 8ರಿಂದ 38ರಷ್ಟು ಜನ ವೃತ್ತಿಯಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆ ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವು ಹುಟ್ಟುವುದು ಕಾದು ಕಾದು ಏನೂ ತಿಳಿಯದಿದ್ದಾಗ, ಸಾವಿನ ಸುದ್ದಿ ತಿಳಿಸುವ ಹೊತ್ತಿನಲ್ಲಿ, ಹಣದ ಮಾತು ಬಂದಾಗ. ಕ್ಯಾಷುವಾಲ್ಟಿಯಲ್ಲಿ ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಸಂಬಂಧಿಕರಿಗೆ ಸ್ಥಿತಿ ತಿಳಿಸುವವರೊಬ್ಬರು ಬೇಕು. ಸಾವಿನ ಸುದ್ದಿಯನ್ನು ಅತ್ಯಂತ ಕಿರಿಯರ ಬಾಯಿಂದ ಹೇಳಿಸಬಾರದು. ಹಿರಿಯ ವೈದ್ಯರು, ಜೊತೆಗೆ ಸಿಸ್ಟರ್, ಬೇಕಾದರೆ ಹೊರಬರಲು ಎರಡನೇ ಬಾಗಿಲಿರುವ ಕೋಣೆಯಲ್ಲಿ, ಎಲ್ಲರನ್ನೂ ಕೂರಿಸಿ ಹೇಳಬೇಕು. ಬಿಲ್ಲಿನ ಮಾತು ಚಿಕಿತ್ಸೆ ಕೊಡುವವರ ಬಾಯಿಂದ ಬರಲೇಕೂಡದು.

ಇಷ್ಟರ ಮೇಲೂ ಕುಸಿಯುವವರು ಇರುತ್ತಾರೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ 35, ಹೃದಯ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿವೆ. ಮನಸ್ಸಿನ ಬಳಲಿಕೆ ಮೊದಲು ಕಾಣಿಸುವುದು ಅಳುವಿನಲ್ಲಲ್ಲ. ರೋಗಿ ಹೆಸರು ಕಳೆದುಕೊಂಡು ಬೆಡ್ ನಂಬರ್ ಆಗುತ್ತಾರೆ, ಸಂಬಂಧಿಕರ ಪ್ರಶ್ನೆಗೆ ಸಿಡುಕು ಬರುತ್ತದೆ, ಚೆನ್ನಾಗಿ ಮಾಡಿದ ಕೆಲಸವೂ ತೃಪ್ತಿ ಕೊಡುವುದಿಲ್ಲ. ಅಂಥವರು ಚಿಕಿತ್ಸೆಗೆ ಹೋಗದಿರಲು ಕಾರಣ ಸಂಕೋಚವಷ್ಟೇ ಅಲ್ಲ. ತಮ್ಮದೇ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದರೆ ಕಂಪ್ಯೂಟರಿನಲ್ಲಿ ದಾಖಲೆ ಎಲ್ಲರಿಗೂ ಕಾಣುತ್ತದೆ ಎಂಬ ಭಯ, ಬಡ್ತಿಗೆ, ಪರವಾನಗಿಗೆ ತೊಡಕಾದೀತೆಂಬ ಭಯ. ಹಾಗಾಗಿ ತಾವೇ ನಿದ್ದೆ ಮಾತ್ರೆ ಬರೆದುಕೊಳ್ಳುತ್ತಾರೆ. ಹೊರಗಿನ ಚಿಕಿತ್ಸಾಲಯದ ಜೊತೆ ಒಪ್ಪಂದ ಮಾಡಿಕೊಂಡು, ಹೆಸರು ಆಡಳಿತಕ್ಕೆ ಬಾರದಂತೆ ಹಣ ಪಾವತಿಸುವುದು ಇದಕ್ಕೆ ಸರಳ ಪರಿಹಾರ. ವೈದ್ಯರ ಪ್ರತಿಜ್ಞೆಯಾದ ಜಿನೀವಾ ಘೋಷಣೆಗೆ 2017ರಲ್ಲಿ ವಿಶ್ವ ವೈದ್ಯಕೀಯ ಸಂಘ ಒಂದು ಸಾಲು ಸೇರಿಸಿತು: ಉತ್ತಮ ಚಿಕಿತ್ಸೆ ಕೊಡುವುದಕ್ಕಾಗಿ ತಮ್ಮ ಆರೋಗ್ಯವನ್ನೂ ನೋಡಿಕೊಳ್ಳುವುದು ವೈದ್ಯರ ಕರ್ತವ್ಯ ಎಂದು. ಪ್ರತಿಜ್ಞೆ ಮಾಡಿಸುವವರು ಅದನ್ನು ಪಾಲಿಸಲು ಸಮಯವನ್ನೂ ಕೊಡಬೇಕು.

ಇವೆಲ್ಲ ಜಾರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಹಾಜರಾತಿ ಪುಸ್ತಕ ನಂಬುವಂಥದ್ದಲ್ಲ. ಅದರಲ್ಲಿ ಎಲ್ಲರೂ ಎಂಟು ಗಂಟೆ ದುಡಿದಿರುತ್ತಾರೆ, ಎಲ್ಲರ ಸಹಿಯೂ ಇರುತ್ತದೆ. ನಿಜ ಗಂಟೆ ಬರೆದವರಿಗೆ 'ಕೆಲಸ ನಿಧಾನ' ಎಂಬ ಹಣೆಪಟ್ಟಿ ಕಾದಿರುವಾಗ ಸುಳ್ಳು ಬರೆಯುವುದೇ ರೂಢಿಯಾಗುತ್ತದೆ. ಕಂಪ್ಯೂಟರ್ ಇರುವ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರ ಮೊದಲ ಆದೇಶ ಮತ್ತು ಕೊನೆಯ ಆದೇಶದ ಸಮಯ ತೆಗೆದರೆ ಸತ್ಯ ಹೊರಬರುತ್ತದೆ. ಇಂಗ್ಲೆಂಡಿನ ಒಪ್ಪಂದದಲ್ಲಿ ಪಟ್ಟಿ ಮೀರಿ ದುಡಿದ ಕಿರಿಯರು ವರದಿ ಸಲ್ಲಿಸಬಹುದು, ಅದನ್ನು ನೋಡಲು ಪ್ರತಿ ಆಸ್ಪತ್ರೆಯಲ್ಲೂ ಪ್ರತ್ಯೇಕ ಅಧಿಕಾರಿ ಇರುತ್ತಾರೆ, ಮಿತಿ ಮುರಿದ ವಿಭಾಗಕ್ಕೆ ದಂಡ ಬೀಳುತ್ತದೆ. ವಿಭಾಗದ ಬಜೆಟ್ಟಿನಿಂದ ಹಣ ಹೋಗುವಾಗ ಪಟ್ಟಿ ತಾನಾಗಿಯೇ ತಿದ್ದಿಕೊಳ್ಳುತ್ತದೆ.

ಕೊನೆಯದಾಗಿ ಪತ್ರಿಕೆಗಳಲ್ಲಿ ಒಂದು ವಿನಂತಿ. ವೈದ್ಯಕೀಯ ನಿರ್ಲಕ್ಷ್ಯದ ದೂರು ಸುದ್ದಿಯಾದಾಗ ವರದಿಗಾರರು ನಾಲ್ಕು ಪ್ರಶ್ನೆಗಳನ್ನು ಆಸ್ಪತ್ರೆಗೆ ತಪ್ಪದೆ ಕೇಳಲಿ. ತಪ್ಪು ನಡೆದಾಗ ಆ ವೈದ್ಯರು ಡ್ಯೂಟಿಗೆ ಬಂದು ಎಷ್ಟು ಗಂಟೆಯಾಗಿತ್ತು? ಅವರ ಕೈಯಲ್ಲಿ ಎಷ್ಟು ರೋಗಿಗಳಿದ್ದರು? ಹಿರಿಯರು ಎಲ್ಲಿದ್ದರು, ಎಷ್ಟು ಹೊತ್ತಿಗೆ ಬಂದರು? ಹಿಂದಿನ ಪಾಳಿಯ ಹಸ್ತಾಂತರ ಬರವಣಿಗೆಯಲ್ಲಿ ಇದೆಯೇ? ತಪ್ಪು ಮಾಡಿದವರನ್ನು ರಕ್ಷಿಸಿ ಎಂದು ನಾವು ಕೇಳುತ್ತಿಲ್ಲ. ನಿಜವಾದ ನಿರ್ಲಕ್ಷ್ಯಕ್ಕೆ ಶಿಕ್ಷೆ ಆಗಲೇಬೇಕು. ಆದರೆ ಆ ನಾಲ್ಕು ಉತ್ತರಗಳೂ ವರದಿಯಲ್ಲಿ ಅಚ್ಚಾಗಲಿ, ಉತ್ತರ ಕೊಡದಿದ್ದರೆ ಕೊಡಲಿಲ್ಲವೆಂಬುದೂ ಅಚ್ಚಾಗಲಿ.

ಇಂತಿ ತಮ್ಮ ವಿಶ್ವಾಸಿಗಳು,
ವಾರ್ಡು ಮತ್ತು ಕ್ಯಾಷುವಾಲ್ಟಿ ಡ್ಯೂಟಿಯಲ್ಲಿರುವ ವೈದ್ಯರು